ಆಟಕ್ಕೊಂದು ಲೆವೆಲ್ ಟೆಸ್ಟ್

ತಾಕ್ ಮೇಷ್ಟ್ರು ಕೈ ಚಾಚಿದ್ದು ಮೂಲಂಗಿ ಉಪ್ಪಿನಕಾಯಿಗೆ. ಶಾಲೆಯ ಸಿಬ್ಬಂದಿಯೆಲ್ಲ ಸೇರಿ ಸುಟ್ಟ ಹಂದಿಮಾಂಸದ ಊಟಕ್ಕೆ ಕೂತಿದ್ದಾಗ ಹೆಡ್‌ಮಾಸ್ಟರ್ ಪ್ಯೊ ಎದ್ದು ನಿಂತು, "ಪ್ರಪಂಚದ ಪ್ರತಿ ಮಗುವಿಗೂ ಆಡೋ ಹಕ್ಕಿದೆ. ಪಾಪ, ಎಷ್ಟೋ ದೇಶದಲ್ಲಿ ಮಕ್ಕಳಿಗೆ ಆಡೋಕೆ ಜಾಗ ಇಲ್ಲ, ಪುರುಸೊತ್ತಿಲ್ಲ. ಅವರಿಗೆ ನಮ್ಮ ಶಾಲೆ ಹಣ ಎತ್ತಿ ಕಳಿಸ್ಬೇಕು. ಬರೋ ಶನಿವಾರ ಆಟದ ದಿನ. ಯಾರು ವಹಿಸ್ಕೋತೀರಿ?" ಎಂದು ಕೇಳಿದರು. ಆ ಗಳಿಗೆಯಲ್ಲಿ ಉಳಿದವರೆಲ್ಲ ತಟ್ಟೆಯೊಳಗೆ ಏನೋ ಬಿದ್ದುಹೋದಂತೆ ತಲೆ ಬಗ್ಗಿಸಿದ್ದರು. ಮೇಜಿನ ಆ ತುದಿಯ ಬಟ್ಟಲಿಗೆ ಚಾಚಿದ್ದ ತಾಕ್ ಮೇಷ್ಟ್ರ ಕೈ ಒಂದೇ ಮೇಲಿತ್ತು.

"ಭೇಷ್! ತಾಕ್ ಮೇಷ್ಟ್ರು!" ಎಂದರು ಹೆಡ್‌ಮಾಸ್ಟರ್. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲಂಗಿ ಅಷ್ಟರಲ್ಲಿ ಖಾಲಿಯಾಗಿತ್ತು.

ಬೇರೆ ಯಾವ ದಿನವಾಗಿದ್ದರೂ ಮೇಷ್ಟ್ರು ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ಆದರೆ ಅವರ ಸಂಸಾರ ಎರಡು ಊರಿನದು. ಇವರ ನೌಕರಿ ಕೊರಿಯಾದ ದೇಗು ನಗರದಲ್ಲಿ, ಹೆಂಡತಿ ಹೇರಿನ್‌ಳದು ಆಂದೊಂಗ್ ಊರಿನ ಆಸ್ಪತ್ರೆಯಲ್ಲಿ. ಆರು ವರ್ಷದ ಮಗಳು ಬೋಮಿ ತಾಯಿಯ ಜೊತೆಗಿದ್ದಳು. ಅಪ್ಪ ಮಗಳಿಗೆ ಸಿಗುವುದು ಶನಿವಾರ ಸಂಜೆ ಮತ್ತು ಭಾನುವಾರ ಮಾತ್ರ, ಅದರಲ್ಲೂ ಕಳೆದ ಕೆಲವು ವಾರ ಶಾಲೆಯ ಕೆಲಸವೇ ನುಂಗಿಹಾಕಿತ್ತು. "ಈ ಶನಿವಾರ ಖಂಡಿತ ಬರ್ತೀನಿ, ರಬ್ಬರ್ ಹಗ್ಗ ಹಾರೋ ಆಟ ಕಲಿಸ್ತೀನಿ" ಎಂದು ಫೋನಿನಲ್ಲಿ ಮಾತು ಕೊಟ್ಟಾಗಿತ್ತು. "ಸುಳ್ಳು ಹೇಳಿದ್ರೆ ನಿನ್ನ ಜೊತೆ ಟೂ" ಎಂದಿದ್ದಳು ಬೋಮಿ. ಹೊಸ ಹಗ್ಗ ಮೇಷ್ಟ್ರ ಚೀಲದಲ್ಲಿತ್ತು. ಮಧ್ಯಾಹ್ನ ಮೂರರ ಬಸ್ಸು ಹಿಡಿದರೆ ಸಂಜೆಗೆ ಮನೆ.

ಹೆಡ್‌ಮಾಸ್ಟರು ತಡೆಯಲಿಲ್ಲ. "ಅಗತ್ಯವಾಗಿ ಹೋಗಿ. ಭೂಮಿ ತುಂಬಿದ ತಕ್ಷಣ ಹೋಗಿ" ಎಂದರು, ಅಷ್ಟೆ.

ಭೂಮಿ ಎಂದರೆ ಮೈದಾನದ ಬಾಗಿಲಲ್ಲಿ ನಿಲ್ಲಿಸಿದ್ದ ದೊಡ್ಡ ರಟ್ಟಿನ ಗೋಳ. ಬಂದು ಆಡಿದ ಪ್ರತಿ ಮಗುವೂ ಅದಕ್ಕೊಂದು ಕಾಗದದ ಹೂವು ಅಂಟಿಸಬೇಕು. ಒಂದೊಂದು ಹೂವಿಗೂ ಇಷ್ಟೆಂದು ಬೀದಿಯ ಅಂಗಡಿಯವರು ದಾನ ಒಪ್ಪಿಕೊಂಡಿದ್ದರು. ಮಧ್ಯಾಹ್ನ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬಂದು ನೋಡುವಾಗ ಗೋಳದ ಮೇಲೆ ಬೆರಳಿಡಲೂ ಜಾಗವಿರಬಾರದು. ಹೆಡ್‌ಮಾಸ್ಟರು ಇದನ್ನು ನಗುನಗುತ್ತಲೇ ಹೇಳಿದ್ದರು, ಅದೇ ಭಯದ ವಿಷಯ.

ಶನಿವಾರ ಬೆಳಿಗ್ಗೆ ತಾಕ್ ಮೇಷ್ಟ್ರು ಕೊರಳಿಗೆ ಸೀಟಿ ನೇತುಹಾಕಿಕೊಂಡು ಮೈದಾನದ ನಡುವೆ ನಿಂತರು. 'ಆಟ ಪ್ರತಿ ಮಗುವಿನ ಹಕ್ಕು' ಎಂಬ ಬ್ಯಾನರ್ ಗಾಳಿಗೆ ಪಟಪಟ ಎನ್ನುತ್ತಿತ್ತು. ಚೆಂಡುಗಳಿದ್ದವು, ಹಗ್ಗಗಳಿದ್ದವು, ಬುಗುರಿಗಳಿದ್ದವು. ಮಕ್ಕಳಿರಲಿಲ್ಲ. ಗೇಟಿನಾಚೆ ಟ್ಯೂಷನ್ ಶಾಲೆಯ ಹಳದಿ ವ್ಯಾನುಗಳು ಒಂದರ ಹಿಂದೊಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು. ಕೆಲವು ಮಕ್ಕಳು ಕಿಟಕಿಯಿಂದ ಮೇಷ್ಟ್ರಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿದರು. ಮರ್ಯಾದಸ್ಥ ಮಕ್ಕಳು.

ಪಕ್ಕದ ಅಪಾರ್ಟ್‌ಮೆಂಟಿನ ಮಂಟಪದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿಯರಷ್ಟೇ ಪ್ರೇಕ್ಷಕರು. ಅವರಲ್ಲಿ ಓಕ್‌ಬುನ್ ಅಜ್ಜಿಯ ಬಾಯಿ ಎಲ್ಲರಿಗಿಂತ ಜೋರು.

"ಏನ್ ಮೇಷ್ಟ್ರೇ, ಒಬ್ಬರೇ ಆಡ್ತಾ ಇದೀರಾ?"

"ಮಕ್ಕಳು ಬರ್ತಾರೆ ಅಜ್ಜಿ."

"ಎಲ್ಲಿಂದ ಬರ್ತವೆ? ನನ್ನ ಮೊಮ್ಮಗ ನನ್ನ ಮುಖ ನೋಡಿ ಹದಿನೈದು ದಿನ ಆಯ್ತು. ಒಂದೇ ಮನೇಲಿದೀವಿ."

ಮೇಷ್ಟ್ರು ಬೇರೆ ದಾರಿ ಕಾಣದೆ ಹಾರಮ್‌ನ ಅಮ್ಮನಿಗೆ ಫೋನು ಮಾಡಿದರು. ಹಾರಮ್ ಅವರ ಮೂರನೇ ತರಗತಿಯ ಹುಡುಗಿ. ಅವಳಮ್ಮ ತಾಯಂದಿರ ಪ್ರತಿನಿಧಿ. ಆಕೆ ಹೂಂ ಎಂದರೆ ಊರಿನ ಅಮ್ಮಂದಿರೆಲ್ಲ ಹೂಂ ಎಂದಂತೆ.

"ಇವತ್ತಾ ಸರ್?" ಎಂದಿತು ಅತ್ತಲಿನ ದನಿ. "ಹಾರಮ್‌ಗೆ ಈಗ ಗಣಿತ, ಆಮೇಲೆ ಇಂಗ್ಲಿಷು, ಆಮೇಲೆ ಪ್ರಬಂಧ. ವ್ಯಾನಲ್ಲೇ ಊಟ. ಆಡೋಕೆ ಅಂದ್ರೆ... ಆಗಸ್ಟಲ್ಲಿ ನೋಡೋಣ್ವಾ?"

"ಒಂದರ್ಧ ಗಂಟೆ ಸಾಕಮ್ಮ. ಪ್ರಪಂಚದ ಮಕ್ಕಳಿಗೋಸ್ಕರ."

"ಅಯ್ಯೋ, ಒಳ್ಳೇ ಕೆಲಸ ಸರ್. ಹಣ ಬೇಕಾದ್ರೆ ಈಗಲೇ ಕಳಿಸ್ತೀನಿ. ಮಗು ಮಾತ್ರ ಕಳಿಸೋಕಾಗಲ್ಲ. ಅಷ್ಟಕ್ಕೂ ಆಡೋದ್ರಿಂದ ಅವಳಿಗೆ ಏನು ಬರುತ್ತೆ ಹೇಳಿ?"

ತಾಕ್ ಮೇಷ್ಟ್ರು ಖಾಲಿ ಗೋಳವನ್ನು ನೋಡಿದರು. ಮೂರರ ಬಸ್ಸು ಕಣ್ಣಿಗೆ ಕಟ್ಟಿತು, ಬೋಮಿಯ 'ಟೂ' ಕಿವಿಯಲ್ಲಿ ಕೇಳಿಸಿತು. ಹುಟ್ಟಿದಾರಭ್ಯ ದೊಡ್ಡ ಸುಳ್ಳು ಹೇಳದ ಮನುಷ್ಯನ ಬಾಯಿಂದ ಮಾತು ತಾನಾಗಿ ಜಾರಿತು.

"ಲೆವೆಲ್ ಟೆಸ್ಟ್ ಇದೆ."



"ಏನಂದ್ರಿ?"

"ಆಟದ ಲೆವೆಲ್ ಟೆಸ್ಟ್. ಯಾವ ಮಗು ಯಾವ ಮಟ್ಟದಲ್ಲಿದೆ ಅಂತ ಇವತ್ತೇ ಗೊತ್ತಾಗುತ್ತೆ."

"ಸರ್, ಇದನ್ನ ಮೊದಲೇ ಹೇಳೋದಲ್ವಾ!" ಎಂದು ಕಿರುಚಿದ ಹಾರಮ್‌ನ ಅಮ್ಮ ಫೋನಿಟ್ಟರು.

ಮುಂದಿನದನ್ನು ಅಮ್ಮಂದಿರ ಫೋನಿನ ಗುಂಪು ನೋಡಿಕೊಂಡಿತು. ಅಜ್ಜಿಯರು ಇನ್ನೊಂದು ಬುಟ್ಟಿ ಬೆಳ್ಳುಳ್ಳಿ ಮುಗಿಸುವಷ್ಟರಲ್ಲಿ ಅದೇ ಹಳದಿ ವ್ಯಾನುಗಳು ಮೂತಿ ತಿರುಗಿಸಿಕೊಂಡು ಬಂದು ಶಾಲೆಯ ಗೇಟಿನಲ್ಲಿ ಮಕ್ಕಳನ್ನು ಸುರಿಯತೊಡಗಿದವು. ಮಕ್ಕಳು ತಾವಾಗಿ ಸಾಲು ನಿಂತರು. ಪ್ರತಿಯೊಬ್ಬರ ಕೈಯಲ್ಲೂ ಪೆನ್ಸಿಲ್ ಡಬ್ಬಿಯಿತ್ತು.

"ಸರ್, ಎಲ್ಲಿ ಕೂರಬೇಕು?" ಎಂದಳು ಹಾರಮ್.

"ಕೂರೋದು ಬೇಡಮ್ಮ. ಆಡಿ."

"ಏನು ಆಡ್ಬೇಕು?"

"ನಿಮಗಿಷ್ಟ ಬಂದಿದ್ದು."

ಸಾಲಿನಲ್ಲಿ ಗಾಬರಿ ಹರಡಿತು. ಇಷ್ಟ ಬಂದಿದ್ದು ಎಂಬ ಪ್ರಶ್ನೆ ಇದುವರೆಗೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. ಒಬ್ಬ ಹುಡುಗ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೆ ಬರೆದಿದ್ದನ್ನೆಲ್ಲ ಓದಿ, ಜೋಪಾನವಾಗಿ ಮತ್ತೆ ಕೆಳಗಿಟ್ಟ.

ಬೇಲಿಯಾಚೆ ಅಮ್ಮಂದಿರು ಗುಂಪುಗೂಡಿದ್ದರು. "ಸರ್, ಹೂವನ್ನ ಯಾವ ಖಂಡಕ್ಕೆ ಅಂಟಿಸಿದ್ರೆ ಅಂಕ ಜಾಸ್ತಿ?" ಎಂದು ಒಬ್ಬಾಕೆ. "ಸಮುದ್ರಕ್ಕೆ ಅಂಟಿಸಿದ್ರೆ ಕಳೀತೀರಾ?" ಎಂದು ಇನ್ನೊಬ್ಬಾಕೆ. ಒಂದು ಸುಳ್ಳಿಗೆ ನೂರು ಸುಳ್ಳಿನ ಊರುಗೋಲು ಬೇಕು ಎಂಬುದು ಮೇಷ್ಟ್ರಿಗೆ ಮನದಟ್ಟಾಯಿತು. "ಅದು ಗುಟ್ಟು" ಎಂದುಬಿಟ್ಟರು. ಅಮ್ಮಂದಿರು ಗೌರವದಿಂದ ತಲೆದೂಗಿದರು.

ಮಕ್ಕಳ ಪೆದ್ದುತನವನ್ನು ನೋಡಲಾರದೆ ಓಕ್‌ಬುನ್ ಅಜ್ಜಿ ಬೆಳ್ಳುಳ್ಳಿ ಬುಟ್ಟಿ ಬದಿಗಿಟ್ಟು ಎದ್ದು ಬಂದರು. "ಥೂ ನಿಮ್ಮ! ಹಗ್ಗ ಹಿಡ್ಕೊಂಡು ಹಾವು ನೋಡ್ದಂಗೆ ನೋಡ್ತೀರಲ್ಲ! ನೀನು ಆ ತುದಿ ಹಿಡಿ, ನೀನು ಈ ತುದಿ" ಎಂದು ಚಪ್ಪಲಿ ಬಿಟ್ಟು, ರಬ್ಬರ್ ಹಗ್ಗವನ್ನು ಕಣಕಾಲಿನಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರಿಸುತ್ತ, ಹಾಡು ಹೇಳುತ್ತ ಹಾರಿ ತೋರಿಸಿದರು. ಉಳಿದ ಅಜ್ಜಿಯರೂ ಬೆನ್ನ ಹಿಂದೆಯೇ ಬಂದರು. ಸ್ವಲ್ಪ ಹೊತ್ತಿನಲ್ಲಿ ಮೈದಾನದಲ್ಲಿ ಕೇಕೆ ಎದ್ದಿತು. ಹಾರಮ್ ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದು, ಮಣ್ಣಲ್ಲಿ ಕೂತು, ಬಿದ್ದು ಬಿದ್ದು ನಕ್ಕಳು. ವರ್ಷವಿಡೀ ಪಾಠ ಮಾಡಿದ್ದರೂ ಅವಳು ನಕ್ಕಿದ್ದನ್ನು ತಾಕ್ ಮೇಷ್ಟ್ರು ನೋಡಿರಲಿಲ್ಲ.

"ಸರ್," ಎಂದು ಬೇಲಿಯಿಂದ ಅವಳಮ್ಮ ಪಿಸುಗುಟ್ಟಿದರು, "ನಗೋದಕ್ಕೂ ಅಂಕ ಇದೆಯಾ?"

"ಇದೆ" ಎಂದರು ಮೇಷ್ಟ್ರು.

"ಹಾರಮ್! ಇನ್ನೂ ಜೋರಾಗಿ!"

ಹಾರಮ್ ತಕ್ಷಣ ನಗು ನಿಲ್ಲಿಸಿದಳು.

ಅಷ್ಟರಲ್ಲಿ ಟ್ಯೂಷನ್ ಶಾಲೆಯ ಯಜಮಾನ ಗೋಂಗ್ ಬುಸುಗುಟ್ಟುತ್ತ ಬಂದರು. ಆ ಹಳದಿ ವ್ಯಾನುಗಳೆಲ್ಲ ಅವರವೇ. ಈ ಸೀಮೆಯ ಊರೂರಿಗೂ ಅವರ ಶಾಖೆಯಿತ್ತು.

"ಏನ್ರೀ ಮೇಷ್ಟ್ರೇ ಇದು? ನನ್ನ ಗಣಿತದ ಕ್ಲಾಸಲ್ಲಿ ಈಗ ಗಣಿತದ ಮೇಷ್ಟ್ರು ಒಬ್ಬನೇ ಕೂತಿದ್ದಾನೆ!"

ತಾಕ್ ಮೇಷ್ಟ್ರು ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಮತ್ತೊಮ್ಮೆ ಕೇಳಲು ಬಗ್ಗುವಷ್ಟರಲ್ಲಿ ಗೋಂಗ್ ಯಜಮಾನರ ಗಮನ ಬೇರೆಡೆಗೆ ಹೋಗಿತ್ತು. ಬೇಲಿಯುದ್ದಕ್ಕೂ ಕಾತರದಿಂದ ನಿಂತ ಅಮ್ಮಂದಿರನ್ನು ಅವರು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. ಕೋಪ ಇಳಿಯಿತು.

"ಸಿಲಬಸ್ ಇದೆಯಾ?" ಎಂದು ಮೆತ್ತಗೆ ಕೇಳಿದರು.

"ಯಾವುದಕ್ಕೆ?"

"ಇರಲಿ ಬಿಡಿ. ನಾನೇ ಮಾಡಿಸ್ತೀನಿ." ಅವರು ನೇರವಾಗಿ ಓಕ್‌ಬುನ್ ಅಜ್ಜಿಯ ಬಳಿ ಹೋಗಿ, ಎರಡೂ ಕೈಯಿಂದ ತಮ್ಮ ವಿಸಿಟಿಂಗ್ ಕಾರ್ಡು ಕೊಟ್ಟು, "ಗುರುಗಳೇ" ಎಂದರು. ಆಮೇಲೆ ಮೂಲೆಗೆ ಹೋಗಿ ಒಂದಾದ ಮೇಲೊಂದು ಫೋನು ಮಾಡತೊಡಗಿದರು.

ಅಧಿಕಾರಿ ಬಂದಾಗ ಗೋಳದ ತುಂಬ ಹೂವು. ಆಫ್ರಿಕಾದ ಮೇಲೆ ಮೂರು ಪದರ. ಅಂಗಡಿಯವರು ಒಪ್ಪಿಕೊಂಡ ದಾನವನ್ನು ನಿಟ್ಟುಸಿರಿಟ್ಟು ತಂದುಕೊಟ್ಟರು. "ನೋಡಿ ಮೇಡಂ, ನಮ್ಮ ಮಕ್ಕಳಿಗೆ ಆಟ ಅಂದ್ರೆ ಪ್ರಾಣ" ಎಂದರು ಹೆಡ್‌ಮಾಸ್ಟರ್ ಪ್ಯೊ. ಆ ಹೊತ್ತಿಗೆ ಅರ್ಧದಷ್ಟು ಮಕ್ಕಳು ಬೇಲಿಗೆ ಒರಗಿ ಅಮ್ಮಂದಿರ ಕೈಯಿಂದ ತುತ್ತು ತಿನ್ನುತ್ತ ಹಗ್ಗದ ಹಾಡನ್ನು ಬಾಯಿಪಾಠ ಮಾಡುತ್ತಿದ್ದರು.

ತಾಕ್ ಮೇಷ್ಟ್ರು ಸೀಟಿ ಬಿಚ್ಚುವುದನ್ನೂ ಮರೆತು ಓಡಿದರು. ಬಸ್ಸಿನ ಬಾಗಿಲು ಮುಚ್ಚುತ್ತಿದ್ದಾಗ ಒಳಗೆ ಕಾಲಿಟ್ಟರು. ಕೂರುವುದರೊಳಗೆ ಫೋನು ಬಡಿದುಕೊಳ್ಳತೊಡಗಿತು. "ಸರ್, ನಮ್ಮ ಹುಡುಗ ಯುಚಾನ್ ಯಾವ ಲೆವೆಲ್ಲು?" "ಸರ್, ಮರುಪರೀಕ್ಷೆ ಯಾವಾಗ?" ಮೇಷ್ಟ್ರು ಫೋನನ್ನು ಆಫ್ ಮಾಡಿ, ಚೀಲದೊಳಗಿನ ಹೊಸ ಹಗ್ಗವನ್ನು ಮುಟ್ಟಿ ನೋಡಿಕೊಂಡು, ಆಂದೊಂಗ್ ಬರುವವರೆಗೂ ನಿದ್ದೆ ಮಾಡಿದರು. ಮಾತು ಉಳಿಸಿಕೊಂಡವನ ನಿದ್ದೆ ಅದು.

ಮನೆಯ ಬಾಗಿಲಲ್ಲಿ ಶೂ ಬಿಡುತ್ತಲೇ, "ಬೋಮೀ! ಅಪ್ಪ ಬಂದೆ!" ಎಂದು ಕೂಗಿದರು. ಹೇರಿನ್ ಅಡುಗೆಮನೆಯಿಂದ ಬಂದಳು.

"ಬೋಮಿ ಅಪ್ಪ, ಎಷ್ಟು ಸಲ ಫೋನ್ ಮಾಡೋದು? ಸ್ವಿಚ್ ಆಫ್ ಬರ್ತಿತ್ತು."

"ಬೋಮಿ ಎಲ್ಲಿ?"

"ಕ್ಲಾಸಿಗೆ ಹೋಗಿದಾಳೆ."

"ಶನಿವಾರ ಸಂಜೆ ಎಂಥಾ ಕ್ಲಾಸು?"

"ಆಟದ್ದು." ಹೇರಿನ್ ದನಿ ತಗ್ಗಿಸಿದಳು. "ನಿಮಗೆ ಗೊತ್ತಿಲ್ವಾ? ನಿಮ್ಮ ದೇಗುದಲ್ಲೇ ಯಾರೋ ಮೇಷ್ಟ್ರು ಆಟಕ್ಕೆ ಲೆವೆಲ್ ಟೆಸ್ಟ್ ಶುರು ಮಾಡಿದ್ದಾರಂತೆ. ಅಮ್ಮಂದಿರ ಗುಂಪಲ್ಲಿ ಬೆಳಿಗ್ಗೆಯಿಂದ ಅದೇ ಮಾತು. ನಮ್ಮೂರ ಟ್ಯೂಷನ್ ಶಾಖೆಲೂ ಮಧ್ಯಾಹ್ನವೇ ಕ್ಲಾಸ್ ತೆಗೆದ್ರು. ನಮಗೆ ಸಿಕ್ಕಿದ್ದು ಕೊನೇ ಸೀಟು. ಈಗಲೇ ಸೇರಿಸ್ದೇ ಇದ್ರೆ ಒಂದನೇ ಕ್ಲಾಸಿಗೆ ಹೋಗೋ ಹೊತ್ತಿಗೆ ನಮ್ಮ ಮಗು ಹಿಂದೆ ಬಿದ್ದುಬಿಡುತ್ತೆ."

"ಯಾವ ಯಾವ ದಿನ?"

"ಶನಿವಾರ ಸಂಜೆ. ಭಾನುವಾರ ಪೂರ್ತಿ."

ತಾಕ್ ಮೇಷ್ಟ್ರು ಬಾಯಿ ತೆರೆದರು. ಸತ್ಯ ನಾಲಿಗೆಯ ತುದಿಗೆ ಬಂದಿತ್ತು.

"ಆ ಮೇಷ್ಟ್ರು ನಿಮಗೇನಾದ್ರೂ ಪರಿಚಯನಾ?" ಎಂದಳು ಹೇರಿನ್. "ಭಾರೀ ಕಟ್ಟುನಿಟ್ಟಂತೆ. ನಗೋದಕ್ಕೂ ಅಂಕ ಕೊಡ್ತಾರಂತೆ. ಗೊತ್ತಿದ್ರೆ ಬೋಮಿ ಬಗ್ಗೆ ಒಂದು ಮಾತು ಹೇಳಿ."

"ಗೊತ್ತಿಲ್ಲ" ಎಂದರು ಮೇಷ್ಟ್ರು.

ಕೆಳಗೆ ವ್ಯಾನು ನಿಂತ ಸದ್ದಾಯಿತು. ಬೋಮಿ ಬಂದಳು. ಬೆನ್ನಿಗೆ ಅವಳಷ್ಟೇ ದೊಡ್ಡ ಹೊಸ ಚೀಲ. ಅಪ್ಪನನ್ನು ನೋಡಿ ಕಣ್ಣರಳಿಸಿ, ಓಡಿ ಬಂದು ಕಾಲನ್ನು ತಬ್ಬಿಕೊಂಡಳು. ಮೇಷ್ಟ್ರಿಗೆ ಜೀವ ಬಂದಂತಾಯಿತು. ಚೀಲದಿಂದ ಹಗ್ಗ ತೆಗೆದು ಮಗಳ ಮುಂದೆ ಹಿಡಿದರು.

"ನೋಡು, ಹೇಳಿದ ಹಾಗೆ ಬಂದೆನಾ? ಬಾ, ಆಡೋಣ."

"ಈಗ ಬೇಡ ಅಪ್ಪ, ಹೋಂವರ್ಕ್ ಇದೆ."

"ಏನು ಹೋಂವರ್ಕು?"

"ರಬ್ಬರ್ ಹಗ್ಗ ಹಾರೋದು."

"ಸರಿಹೋಯ್ತಲ್ಲ! ನಾನು ಹೇಳಿಕೊಡ್ತೀನಿ."

ಬೋಮಿ ಕೈ ಹಿಂದಕ್ಕೆಳೆದುಕೊಂಡು ತಲೆಯಲ್ಲಾಡಿಸಿದಳು. "ಅಪ್ಪ ಅಮ್ಮ ಸಹಾಯ ಮಾಡೋ ಹಾಗಿಲ್ಲ. ಮಾಡಿದ್ರೆ ಅಂಕ ಕಳೀತಾರಂತೆ. ಆ ದೇಗು ಮೇಷ್ಟ್ರ ರೂಲ್ಸು."

ತಾಕ್ ಮೇಷ್ಟ್ರು ಹಗ್ಗವನ್ನು ಎರಡು ಕುರ್ಚಿಗಳ ನಡುವೆ ಕಟ್ಟಿಕೊಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ, ಹೆಂಡತಿಯ ಪಕ್ಕ ಕೂತು, ಬೆಳ್ಳುಳ್ಳಿ ಸುಲಿಯತೊಡಗಿದರು. ಸೀಟಿ ಇನ್ನೂ ಕೊರಳಲ್ಲೇ ಇತ್ತು.