ಟೋಪಿ, ಕಿವಿ, ಎದೆ

ಭಾನುವಾರ ಬೆಳಗ್ಗೆ ಎದ್ದವಳೇ ಡೈರಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: "ಇವತ್ತು ಆಟ ಮುಗಿಯುವವರೆಗೆ ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಆಕಾಶವೇ ಕಳಚಿ ಬೀಳಲಿ!" ಕೆಳಗೆ ಎರಡು ಗೆರೆ ಬೇರೆ ಎಳೆದೆ. ಭೀಷ್ಮಪ್ರತಿಜ್ಞೆ ಎಂದರೆ ಹಾಗಿರಬೇಕು!

ಪ್ರತಿಜ್ಞೆಗೆ ಕಾರಣ ಹಿಂದಿನ ಭಾನುವಾರ. ನನ್ನ ಗಂಡ ಕಾರ್ಸ್ಟನ್ ನಮ್ಮೂರು ಎಲ್ಮ್‌ಬರ್ಗಿನ ಬೇಸ್‌ಬಾಲ್ ತಂಡದ ಮ್ಯಾನೇಜರ್. ವಾರವೆಲ್ಲ ಟ್ರ್ಯಾಕ್ಟರ್ ರಿಪೇರಿ, ಭಾನುವಾರ ಸೇನಾಧಿಪತಿ! ಅಂದು ನಾನು ಮೊದಲ ಸಾಲಿನಿಂದ, "ಪಿಚರ್ ಕೈ ಸೋತಿದೆ, ಚೆಂಡು ಎಸೆಯಕ್ಕಾಗ್ತಿಲ್ಲ, ಕಾಣಿಸ್ತಿಲ್ವಾ? ಬೇರೆಯವನನ್ನ ಹಾಕು!" ಎಂದು ಕೂಗಿದ್ದು ಮುಸುಕಿನ ಜೋಳದ ಹೊಲ ದಾಟಿ ಚರ್ಚಿನವರೆಗೂ ಕೇಳಿತ್ತಂತೆ. ಅಂಪೈರು ಕಾರ್ಸ್ಟನ್‌ನ ಹತ್ತಿರ ಬಂದು, "ಏನಪ್ಪಾ, ಮನೆಯವರು ತೀರ್ಮಾನ ಹೇಳಿ ಆಯ್ತು. ನಿಂದೇನು?" ಎಂದಿದ್ದ. ಊರಿಗೆ ಊರೇ ನಕ್ಕಿತ್ತು.

"ಬ್ರಿಟ್ಟಾ," ಎಂದ ಕಾರ್ಸ್ಟನ್, ನಮ್ಮ ಮಗು ಎಲ್ಸಿಗೆ ಓಟ್ಸ್ ಗಂಜಿ ತಿನ್ನಿಸುತ್ತಾ, "ಇವತ್ತು ಗೆದ್ರೆ ಮಿನ್ನೆಸೋಟ ರಾಜ್ಯ ಟೂರ್ನಿ. ನಮ್ಮೂರು ಅಲ್ಲಿ ಕಾಲಿಟ್ಟು ಹತ್ತೊಂಬತ್ತು ವರ್ಷ ಆಯ್ತು. ಸೋತ್ರೆ ಕಮಿಟಿಯವರು ನನ್ನ ಕೈಗೆ ಹುಲ್ಲು ಕತ್ತರಿಸೋ ಮಷೀನ್ ಕೊಟ್ಟು, ಇನ್ಮೇಲೆ ಇಷ್ಟು ನೋಡ್ಕೋ ಸಾಕು ಅಂತಾರೆ. ದಯವಿಟ್ಟು ಬಾಯಿ ಬಿಡಬೇಡ ಕಣೇ."

"ಬಿಡಲ್ಲ."

"ಆಣೆ?"

"ನಿಮ್ಮಮ್ಮನಾಣೆ."

"ನಮ್ಮಮ್ಮ ಯಾಕೆ? ನಿಮ್ಮಮ್ಮ ಇಲ್ವಾ?"

ಮೈದಾನಕ್ಕೆ ಹೋದವಳೇ ಬಾಯಿಗೆ ಬೀಗ ಹಾಕಿದೆ. ಬೀಗ ಎಂದರೆ ಎರಡು ಮುಷ್ಟಿ ಸೂರ್ಯಕಾಂತಿ ಬೀಜ! ಪಕ್ಕದಲ್ಲಿ ರೂಬಾರ್ಬ್ ಕೇಕಿನ ಡಬ್ಬಿ ಹಿಡಿದ ಅತ್ತೆ ಮಾರ್ಲಿಸ್. ಮಡಿಲಲ್ಲಿ ಒಂಬತ್ತು ತಿಂಗಳ ಎಲ್ಸಿ. ಹಲ್ಲು ಬರುವ ಕಾಟದಲ್ಲಿ ಸಿಕ್ಕಿದ್ದನ್ನೆಲ್ಲ ಎಳೆಯುತ್ತಿದ್ದಳು.

ಮೂರನೇ ಸುತ್ತಿನಲ್ಲಿ ಕಾರ್ಸ್ಟನ್ ಬೇಸಿನಲ್ಲೇ ನಿಲ್ಲಿಸಬೇಕಾದ ಆಟಗಾರನನ್ನು ಮುಂದಕ್ಕೆ ಓಡಿಸಿದ. ಔಟ್! ನಾನು ಬೀಜವನ್ನು ಸಿಪ್ಪೆಸಮೇತ ನುಂಗಿದೆ. ಆರನೆಯದರಲ್ಲಿ ಕೈ ಸೋತ ಪಿಚರನ್ನು ಬದಲಿಸಲೇ ಇಲ್ಲ. ಎದುರಾಳಿ ಹೋಲ್ಟ್‌ವಿಲ್‌ಗೆ ಎರಡು ರನ್! ಎದ್ದೆ, ಕೂತೆ, ಕಾಲ ಮೇಲೆ ಕಾಲು ಹಾಕಿದೆ, ತೆಗೆದೆ.

"ಏನೇ, ಬೆಂಚಲ್ಲಿ ಇರುವೆ ಇದ್ಯಾ?" ಎಂದರು ಅತ್ತೆ.

ಇಲ್ಲವೆಂದು ತಲೆಯಾಡಿಸಿದೆ.

"ಹಾಗಿದ್ರೆ ಕೂತ್ಕೋ. ಹಿಂದಿನವರು ಪಾಪ, ಆಟ ನೋಡಕ್ಕೆ ಬಂದಿದಾರೆ, ನಿನ್ನ ಬೆನ್ನು ನೋಡಕ್ಕಲ್ಲ."

ಎಂಟನೆಯದರಲ್ಲಿ ಕಾರ್ಸ್ಟನ್ ನಾನು ಬೇಡವೆಂದುಕೊಂಡದ್ದನ್ನೇ ಮಾಡಿ ಎರಡು ರನ್ ತಂದ. ಅದು ಬರೀ ಅದೃಷ್ಟ, ಲೆಕ್ಕಕ್ಕಿಲ್ಲ!

ಒಂಬತ್ತನೇ ಸುತ್ತು, ಕೊನೆಯದು. ನಾಲ್ಕಕ್ಕೆ ನಾಲ್ಕು ಸಮ. ಮೂರನೇ ಬೇಸಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಲುಂಡೀನ್. ಅವರು ಓಡಿ ಬ್ಯಾಟುಗಾರನ ಬಳಿಯ 'ಮನೆ' ಬೇಸು ಮುಟ್ಟಿದರೆ ಗೆದ್ದಂತೆ. ಬ್ಯಾಟು ಹಿಡಿದವನು ನನ್ನ ಮೈದುನ ನೆಲ್ಸ್. ನಮ್ಮ ಮನೆಯಲ್ಲೇ ಇರುವ, ಊರಿಗೇ ದೊಡ್ಡ ಹೊಡೆತಗಾರ. ಅವನು ಬೀಸಿ ಹೊಡೆಯಬೇಕೋ, ಬಂಟ್ ಮಾಡಬೇಕೋ? ಬಂಟ್ ಎಂದರೆ ಬೀಸದೆ, ಚೆಂಡನ್ನು ಬ್ಯಾಟಿಗೆ ಸುಮ್ಮನೆ ತಾಗಿಸಿ ಕಾಲಬುಡದಲ್ಲಿ ಉದುರಿಸುವುದು. ನನ್ನ ಪ್ರಕಾರ ಬಂಟ್ ಮಾಡುವವನು ಬಂಟನಲ್ಲ, ಹೇಡಿ!

ಆಜ್ಞೆ ಹೋಗುವುದು ಸನ್ನೆಯಲ್ಲಿ. ಮೊಣಕೈ ಉಜ್ಜಿದರೆ 'ಹೊಡಿ'. ಟೋಪಿ, ಕಿವಿ, ಎದೆ ಎಂದು ಮುಟ್ಟಿದರೆ 'ಬಂಟ್'. ಬಚ್ಚಲುಮನೆಯ ಕನ್ನಡಿಯ ಮುಂದೆ ಕಾರ್ಸ್ಟನ್ ಮಾಡುವ ತಾಲೀಮು ನೋಡಿ ಮನೆಮಂದಿಗೆಲ್ಲ ಅದು ಬಾಯಿಪಾಠ. ಅವನು ನಮ್ಮೆದುರಿಗೇ, ಹತ್ತು ಹೆಜ್ಜೆ ದೂರದಲ್ಲಿ, ಮೂರನೇ ಬೇಸಿನ ಪಕ್ಕ ನಿಂತಿದ್ದ. ಮೊಣಕೈ ಉಜ್ಜಿದ!

ನಾಲ್ಕು ವರ್ಷದ ದಾಂಪತ್ಯದಲ್ಲಿ ಮೊದಲ ಬಾರಿಗೆ ನಾವಿಬ್ಬರೂ ಒಮ್ಮತಕ್ಕೆ ಬಂದಿದ್ದೆವು. "ಹೊಡಿ, ಹೊಡಿ" ಎಂದು ಬೀಜಗಳ ಸಂದಿಯಲ್ಲೇ ಗೊಣಗಿದೆ.

ಅಷ್ಟರಲ್ಲಿ ಎಲ್ಸಿ ನನ್ನ ಟೋಪಿ ಕಿತ್ತಳು. ಸರಿಮಾಡಿಕೊಂಡೆ. ಕಿವಿಗೆ ಜೋತುಬಿದ್ದಳು. ಬಿಡಿಸಿಕೊಂಡೆ. ಬೆಳಗಿನ ಗಂಜಿಯಷ್ಟನ್ನೂ ನನ್ನ ಎದೆಯ ಮೇಲೆ ಕಕ್ಕಿದಳು. ಅಂಗೈಯಿಂದ ಈ ತುದಿಯಿಂದ ಆ ತುದಿಗೆ ಒರೆಸಿಕೊಂಡು ತಲೆ ಎತ್ತಿದರೆ, ನೆಲ್ಸ್ ಅಣ್ಣನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾನೆ! ಕಣ್ಣು ಇಷ್ಟಗಲ! ನಾನು ಬೇಡವೆಂದು ತಲೆಯಾಡಿಸುವಷ್ಟರಲ್ಲಿ, ಅರ್ಥವಾಯಿತೆಂದು ಅವನೇ ತಲೆಯಾಡಿಸಿ ತಿರುಗಿದ.

ಕೂಗೋಣವೆಂದರೆ ಆಣೆ. ಆಣೆ ಮುರಿಯೋಣವೆಂದರೆ ಬಾಯಿತುಂಬ ಬೀಜ!

ಟಪ್! ಚೆಂಡು ಬ್ಯಾಟಿಗೆ ತಾಗಿ, ಕೋಳಿ ಇಟ್ಟ ಮೊಟ್ಟೆಯಂತೆ ಹುಲ್ಲಿನ ಮೇಲೆ ಉರುಳಿತು. ನೆಲ್ಸ್‌ನ ಹೊಡೆತಕ್ಕೆ ಹೆದರಿ ಹೋಲ್ಟ್‌ವಿಲ್‌ನವರೆಲ್ಲ ಬೇಲಿಯ ಕಡೆಗೆ ಸರಿದಿದ್ದರು. ಕಾರ್ಸ್ಟನ್ ಮೊಣಕೈ ಹಿಡಿದುಕೊಂಡೇ ಕಲ್ಲಾದ. ಮೇಷ್ಟ್ರು ನಿಂತಲ್ಲೇ ಲೆಕ್ಕ ಹಾಕತೊಡಗಿದರು.

"ಓಡ್ರೀ ಮೇಷ್ಟ್ರೇ!" ಅತ್ತೆ ಕೇಕಿನ ಡಬ್ಬಿ ಬಡಿದರು. "ಲೆಕ್ಕ ಆಮೇಲೆ ಮಾಡುವಿರಂತೆ, ಓಡ್ರೀ!"

ಮೇಷ್ಟ್ರು ಓಡಿದರು. ಬಿದ್ದರು. ಜಾರಿದರು. ಧೂಳಿನೊಳಗಿಂದ ಅಂಪೈರನ ಎರಡೂ ಕೈಗಳು ಅಗಲಕ್ಕೆ ಚಾಚಿದವು. ಔಟಲ್ಲ! ಗೆದ್ದೆವು!

ಕಮಿಟಿ ಅಧ್ಯಕ್ಷರು ಕಾರ್ಸ್ಟನ್‌ನ ಬೆನ್ನು ಚಪ್ಪರಿಸಿ, "ಯಾರೂ ಊಹಿಸದ ಬಂಟ್! ಎಂಥಾ ತಲೆ ಮಾರಾಯಾ ನಿಂದು! ಮುಂದಿನ ವರ್ಷವೂ ನೀನೇ" ಎಂದರು. ಅವನು ಪೆಚ್ಚುನಗೆ ನಗುತ್ತಾ ತಮ್ಮನ ತೋಳು ಹಿಡಿದು ಬೇಲಿಯ ಹತ್ತಿರ ಎಳೆತಂದ.

"ನಾನು ಹೊಡಿ ಅಂದ್ನಲ್ಲೋ!"

"ನೀನು ಹೊಡಿ ಅಂದೆ, ಅತ್ತಿಗೆ ಬಂಟ್ ಅಂದ್ರು," ಎಂದ ನೆಲ್ಸ್. "ದಿನಾ ಊಟ ಹಾಕೋರು ಯಾರು?"

ಕಾರ್ಸ್ಟನ್ ಟೋಪಿ ತೆಗೆದು ನನ್ನೆದುರು ನಿಂತ. "ಒಪ್ಕೊಂಡೆ ಬ್ರಿಟ್ಟಾ. ನನಗಿಂತ ನಿನಗೇ ಆಟ ಚೆನ್ನಾಗಿ ಗೊತ್ತು."

ಆಹಾ! ಈ ಒಂದು ವಾಕ್ಯಕ್ಕಾಗಿ ನಾಲ್ಕು ವರ್ಷ ತಪಸ್ಸು ಮಾಡಿದ್ದೆ. ನಿಜ ಹೇಳಬೇಕಿತ್ತು, ಹೌದು. ಹೇಳಿದೆನೇ? ಇಲ್ಲ! ರೆಪ್ಪೆ ತಗ್ಗಿಸಿ, "ಇರ್ಲಿ ಬಿಡು, ಏನೋ ತೋಚ್ತು" ಎಂದೆ.

"ಇವಳಿಗೆಲ್ಲಿ ತೋಚ್ತು?" ಎಂದರು ಅತ್ತೆ. "ನನ್ನ ಕಿವಿ ಹತ್ರಾನೇ 'ಹೊಡಿ, ಹೊಡಿ' ಅಂತ ಗೊಣಗ್ತಾ ಇದ್ಲು. ಟೋಪಿ ಎಳೆದಿದ್ದು ನಿನ್ನ ಮಗಳು, ಕಿವಿ ಹಿಡಿದಿದ್ದು ನಿನ್ನ ಮಗಳು, ಕಕ್ಕಿದ್ದೂ ಅವಳೇ. ಇವಳು ಒರೆಸ್ಕೊಂಡ್ಲು, ಅಷ್ಟೇ!"

ಕಾರ್ಸ್ಟನ್ ನನ್ನನ್ನೊಮ್ಮೆ, ನನ್ನ ಎದೆಯ ಗಂಜಿಯನ್ನೊಮ್ಮೆ ನೋಡಿದ. ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು, ಎಲ್ಸಿಯನ್ನು ಎರಡೂ ಕೈಗಳಿಂದ ಮೇಲೆತ್ತಿದ. "ಟೂರ್ನಿಯಲ್ಲಿ ನನ್ನ ಪಕ್ಕದ ಜಾಗ ನಿಂದೇ ನನ್ನಮ್ಮಾ!"

"ಮತ್ತೆ ನಾನು?" ಎಂದೆ, ಸಣ್ಣ ದನಿಯಲ್ಲಿ.

"ನೀನೂ ಬಾ," ಎಂದ ನನ್ನ ಗಂಡ. "ಅವಳನ್ನ ಎತ್ಕೊಳ್ಳಕ್ಕೆ ಯಾರಾದ್ರೂ ಬೇಕಲ್ಲ!"