ಕೊಸರು ಹಾಕದ ಬಿಲ್ಲಿನ ಯಂತ್ರಕ್ಕೆ

ಮಾನ್ಯ ಯಂತ್ರದವರೇ,

ಕ್ರಾಕೊವ್ ನಗರದ ನಮ್ಮ ಓಣಿಯ ದಿನಸಿ ಅಂಗಡಿಯಲ್ಲಿ, ಕುರ್ಚಿಯನ್ನೂ ಕೇಳದೆ ಹಗಲೆಲ್ಲ ನಿಂತೇ ಬಿಲ್ಲು ಮಾಡುವ ತಮ್ಮ ಪಾದಗಳಿಗೆ, ಅವು ಎಲ್ಲಿವೆಯೆಂದು ತಿಳಿಯದಿದ್ದರೂ, ದಾಂಡೇಲಿಯಿಂದ ಬಂದು ನೆಲೆಸಿದ ಶಾಹೀನಳ ಸಲಾಮು.

ತಮ್ಮ ದೇಶವನ್ನು ನಾನು ಮೊದಲು ಕಂಡದ್ದು ಅನುವಾದಿತ ಕಾದಂಬರಿಗಳಲ್ಲಿ. ಅಲ್ಲಿ ಎಲ್ಲರೂ ಬೀಟ್‌ರೂಟಿನ ಸಾರು ಕುಡಿಯುತ್ತಿದ್ದರು. ಬೀಟ್‌ರೂಟು ತೂಗಿದವರು ಮೇಲಿಷ್ಟು ಹಾಕಿದರೇ ಎಂಬುದನ್ನು ಯಾವ ಅನುವಾದಕರೂ ತಿಳಿಸಲಿಲ್ಲವಾದ್ದರಿಂದ, ನನ್ನ ಅತ್ತೆ ರಹೀಮುನ್ನಿಸಾ ಅವರನ್ನು ಎಚ್ಚರಿಸದೆಯೇ ತಮ್ಮ ಮುಂದೆ ತಂದು ನಿಲ್ಲಿಸಿದೆ.

ಅತ್ತೆ ಬಂದದ್ದೇ ನಮ್ಮನ್ನು ಬದುಕಿಸಲು. ನಾನೂ ನನ್ನ ಗಂಡ ಆತಿಫನೂ ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ಚಳಿಗಾಲ ಕಳೆದೆವೆಂದು ತಿಳಿದು, ಬೇಸಿಗೆ ಮುಗಿಯುವವರೆಗೆ ಇದ್ದು ನನಗೆ ಬಗಾರಾ ಅನ್ನ, ದಾಲ್ಚಾ ಕಲಿಸುವುದಾಗಿ ಮಾತು ಕೊಟ್ಟಿದ್ದರು. ತಾವು ಅವರ ಹಸಿಮೆಣಸಿನಕಾಯಿಯನ್ನು ಕೂದಲೆಳೆಯಷ್ಟೂ ತಪ್ಪದೆ ತೂಗಿದಿರಿ, ಅಭಿನಂದನೆಗಳು. ಅತ್ತೆ ಚೀಲದ ಬಾಯಿ ಅಗಲಿಸಿ ಕಾದರು. ದಾಂಡೇಲಿ ಸಂತೆಯ ಗನಿಸಾಬರು ತೂಕ ಮುಗಿದೊಡನೆ, ತಕ್ಕಡಿಯತ್ತ ನೋಡದೆ, ಮೇಲೆ ಒಂದು ಹಿಡಿ ಪುಕ್ಕಟೆ ಕೊಸರು ಹಾಕುತ್ತಾರೆ. ಅದಿಲ್ಲದೆ ವ್ಯಾಪಾರ ಮುಗಿಯುವುದಿಲ್ಲ. “ಬೇಟಾ, ತೂಕ ಆತಲ್ಲ, ಈಗರ ಕೈ ಸಡ್ಲ ಬಿಡು” ಎಂದು ಅತ್ತೆ ಪ್ರೀತಿಯಿಂದಲೇ ಹೇಳಿದರು. ತಾವು ಪೋಲಿಷ್‌ನಲ್ಲಿ ಏನೋ ಅಂದಿರಿ. ಅದನ್ನು ಒಪ್ಪಿಗೆಯೆಂದು ತಿಳಿದ ಅತ್ತೆ, ಕೊಸರಿಗೆಂದೇ ಮೊದಲೇ ಆರಿಸಿ ಮುಷ್ಟಿಯಲ್ಲಿಟ್ಟುಕೊಂಡಿದ್ದ ಮೆಣಸಿನಕಾಯಿಗಳನ್ನು ಚೀಲಕ್ಕೆ ಬಿಟ್ಟರು.

ಬಿಲ್ಲಿಗಿಂತ ಚೀಲ ಭಾರವಾದೊಡನೆ, ಆಹಾ, ಆ ಕೆಂಪು ದೀಪ, ಆ ಕೂಗು! ನಮ್ಮೂರ ಮಿಲ್ಲಿನ ಪಾಳಿ ಬದಲಿಸುವ ಭೋಂಗಾ ಕೂಡ ತಮ್ಮೆದುರು ಪಿಸುಮಾತು. ಸಾಲೆಲ್ಲ ತಿರುಗಿ ನೋಡಿತು. “ನನ್ನ ಕಳ್ಳಿ ಅಂತೈತಿ ಇದು! ಕೊಸರು ಹಾಕದ ಊರಾಗ ನಾ ಒಲಿ ಹಚ್ಚೂದಿಲ್ಲ. ಟಿಕೆಟ್ ತೆಗಸು” ಎಂದರು ಅತ್ತೆ. ಮಾನ್ಯರೇ, ತಮ್ಮ ಪ್ರಾಮಾಣಿಕತೆಯಿಂದ ನಾವು ಮತ್ತೆ ಬ್ರೆಡ್ಡಿಗೆ ಬೀಳುವವರಿದ್ದೆವು.

ಅಷ್ಟರಲ್ಲಿ ಅಂಗಡಿಯ ಕೆಲಸದ ಮಾಗ್ದಾ ಓಡಿಬಂದಳು. ನಾನು ತಡವರಿಸುತ್ತ ‘ಕೊಸರು’ ಎಂಬುದನ್ನು ಪೋಲಿಷ್‌ಗೆ ಅನುವಾದಿಸಿದೆ. ಒಂದು ಪದಕ್ಕೆ ಒಂದು ಪ್ಯಾರಾ ಹಿಡಿಯಿತು. ಮಾಗ್ದಾ ತಮ್ಮ ಎದೆಗೆ ಕಾರ್ಡು ತಾಗಿಸಿ ಬಾಯಿ ಮುಚ್ಚಿಸಿ, ಕೊಸರಿನ ಮೆಣಸಿನಕಾಯಿಗಳನ್ನು ಚೀಲದಿಂದ ತೆಗೆದು, ಅವಕ್ಕೆ ತನ್ನ ಜೇಬಿನಿಂದಲೇ ಚಿಲ್ಲರೆ ತೆತ್ತು, ತನ್ನ ಕೈಯಾರೆ ಮತ್ತೆ ಚೀಲಕ್ಕೆ ಹಾಕಿದಳು. ಅತ್ತೆ ಅವಳಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದರು. “ಈಕಿ ನಮ್ಮಾಕಿ. ನಡಿ, ಒಲಿ ಹಚ್ಚೂಣು.”

ಆದ್ದರಿಂದ ತಾವು ದಯಮಾಡಿ ಒಂದು ಕೈ ಬೆಳೆಸಿಕೊಳ್ಳಬೇಕು, ಸಾಧ್ಯವಾದರೆ ಸಡಿಲವಾದದ್ದು.

ತೂಕಕ್ಕೆ ತಲೆಬಾಗಿ ಕೊಸರಿಗೆ ಕಾಯುವ,
ತಮ್ಮ ವಿಶ್ವಾಸಿ
ಶಾಹೀನ

ತಾ.ಕ.: ದಾಲ್ಚಾ ಸೊಗಸಾಗಿತ್ತು. ಮಾಗ್ದಾಳ ಡಬ್ಬಿ ತುಂಬಿದ ಮೇಲೂ ಅತ್ತೆ ಇನ್ನೊಂದು ಸೌಟು ಹಾಕಿದರು. ತಮಗೂ ಒಂದು ಡಬ್ಬಿ ಕಳಿಸುವವರಿದ್ದರು. ಆದರೆ ತಮ್ಮ ಮುಂದೆ ಇಟ್ಟೊಡನೆ ಕೂಗಿಕೊಳ್ಳುತ್ತೀರಲ್ಲ.