ದೊಡ್ಡ ಬೀದಿಯವರ ಉಳಿತಾಯ

ನೀರು ಉಳಿಸಿ ಎಂದು ಬೋರ್ಡು ಹಾಕಿಕೊಂಡವರ ಮನೆಯಲ್ಲೇ ನೀರು ಹೆಚ್ಚು ಹರಿಯುತ್ತದೆ. ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಕೆಸರೆಯಲ್ಲಿ ನಮ್ಮ ಬೀದಿಯ ಒಣಗಿದ ನಲ್ಲಿಯ ಮುಂದೆ ನಿಂತು ಕಲಿತೆ. ನಮ್ಮದು ಪೈಪಿನ ಕೊನೆಯ ಬೀದಿ. ಮುಂದಿರುವ ದೊಡ್ಡ ಬೀದಿಯವರು ಉಳಿಸಿದರೆ ನಮಗೆ ನೀರು, ಇಲ್ಲದಿದ್ದರೆ ಬರೀ ಗಾಳಿ. ಸ್ವಲ್ಪ ಉಳಿಸಿ ಎಂದು ಕೇಳಲು ಅಲ್ಲಿನ ಸಂಘದ ಅಧ್ಯಕ್ಷರ ಮನೆಗೆ ಆಗಾಗ ಹೋಗುತ್ತೇನೆ. ಹೋದಾಗೆಲ್ಲ ಇಂಥದ್ದೊಂದು ಕಣ್ಣಿಗೆ ಬೀಳುತ್ತದೆ.

ಪುಕ್ಕಟೆ ಬಿಸಿಲು

ಅಧ್ಯಕ್ಷರು ತಾರಸಿಗೆ ಸೋಲಾರ್ ಹಾಕಿಸಿದರು. ಟ್ಯಾಂಕು ಮೇಲೆ, ಬಚ್ಚಲು ಕೆಳಗೆ. ಪೈಪಿನಲ್ಲಿರುವ ತಣ್ಣೀರೆಲ್ಲ ಖಾಲಿಯಾದ ಮೇಲೆ ಬಿಸಿನೀರು ಬರಬೇಕು. ನಾನು ಗೇಟಿನಲ್ಲಿ ನಿಂತಿದ್ದಷ್ಟು ಹೊತ್ತೂ ಆ ತಣ್ಣೀರು ಚರಂಡಿಗೆ ಸುರಿಯುತ್ತಲೇ ಇತ್ತು.

“ಅದನ್ನ ಬಕೆಟ್ಟಲ್ಲಿ ಹಿಡಿಬಾರದಾ ಸಾರ್?”

“ಕರೆಂಟು ಒಂದು ಚೂರೂ ಖರ್ಚಿಲ್ಲ ಕಣ್ರೀ. ಬಿಸಿಲು ಪುಕ್ಕಟೆ.”

“ನೀರು?”

ಅವರು ಚರಂಡಿಯತ್ತ ಒಮ್ಮೆ ಬಗ್ಗಿ ನೋಡಿದರು. “ಅದೂ ನಮಗೆ ಹೆಚ್ಚು ಕಮ್ಮಿ ಪುಕ್ಕಟೆನೇ.”

ಮಿಷನ್ನಿನ ಮೈಲಿಗೆ

ಆಮೇಲೆ, ಕಡಿಮೆ ನೀರಲ್ಲಿ ಬಟ್ಟೆ ಒಗೆಯುವ ಮಿಷನ್ ಬಂತು. ಕಾಫಿಗೆಂದು ಕರೆದು ಮಿಷನ್ ತೋರಿಸಿದರು, ಕಾಫಿ ಬರಲಿಲ್ಲ. ಹಿತ್ತಲಲ್ಲಿ ಅವರ ಹೆಂಡತಿ, ಮಿಷನ್ನಿಂದ ತೆಗೆದ ಒಂದೊಂದು ಬಟ್ಟೆಯನ್ನೂ ಧೋ ಎಂದು ಸುರಿಯುವ ನಲ್ಲಿಯ ಕೆಳಗೆ ಹಿಡಿದು ಜಾಲಿಸುತ್ತಿದ್ದರು.

“ಒಗೆದಾಯ್ತಲ್ಲಮ್ಮ?”

“ಅಷ್ಟೇ ಅಷ್ಟು ನೀರಲ್ಲಿ ಎಲ್ಲರ ಬಟ್ಟೆನೂ ಒಟ್ಟಿಗೆ ಹೊರಳಾಡಿದೆ. ಹಾಗೇ ಉಟ್ಕೊಂಡು ದೇವರಮನೆಗೆ ಹೋಗೋಕಾಗತ್ತಾ?”

“ಮತ್ತೆ ಮಿಷನ್ ಯಾಕಮ್ಮ?”

ಸೀರೆ ಹಿಂಡುತ್ತಲೇ ಅಂದರು, “ನೀರು ಉಳಿಸೋಕೆ.”

ಆಯುಧಪೂಜೆ

ಆಯುಧಪೂಜೆಯ ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ಗಾಳಿಯೂ ಬರಲಿಲ್ಲ. ಕೊಡ ಸಾಲಿಟ್ಟಿದ್ದ ಹೆಂಗಸರು ನನ್ನನ್ನು ಅಟ್ಟಿದರು: “ಹೋಗಿ ಕೇಳಣ್ಣ, ಹಬ್ಬದ ದಿನಾನೂ ನಾವು ಸ್ನಾನ ಮಾಡಬಾರದಾ ಅಂತ.”

ದೊಡ್ಡ ಬೀದಿ ಕೆರೆಯಾಗಿತ್ತು. ಅಧ್ಯಕ್ಷರು ಬೀದಿಯ ಪೈಪಿಗೇ ಮೋಟರು ಸಿಕ್ಕಿಸಿ, ನಮ್ಮ ಪಾಲಿನದನ್ನೂ ಎಳೆದು ಕಾರು ತೊಳೆಯುತ್ತಿದ್ದರು. ಹಾಗೆ ಎಳೆಯಬಾರದು ಎಂಬ ಸಂಘದ ಬೋರ್ಡು ಅವರ ಗೇಟಿನಲ್ಲೇ ತೂಗುತ್ತಿತ್ತು. ಕಾರು ಮುಗಿಸಿ ಪೈಪು ಹಿಡಿದುಕೊಂಡು ಹಿತ್ತಲಿಗೆ ಹೊರಟರು. ಮಿಷನ್ನಿಗೂ ಪೂಜೆಯಾಗಬೇಕಲ್ಲ. ಅದರ ವೈರು ಪ್ಲಗ್ಗಿನಲ್ಲೇ ಇತ್ತು.

“ಸಾರ್, ಅದಕ್ಕೆ ನೀರು ಹೊಡೀಬೇಡಿ.”

“ಎಲ್ಲದಕ್ಕೂ ಬೇಡ ಅಂತೀರಲ್ರೀ. ನೀರಿನ ಮಿಷನ್ ತಾನೇ, ನೀರು ಬಿದ್ರೆ ಏನಾಗತ್ತೆ?”

ಹೊಡೆದರು. ಮಿಷನ್ನಿನೊಳಗೆ ಪಟ್ ಎಂದಿತು, ಮನೆಯ ಕರೆಂಟೆಲ್ಲ ಹೋಯಿತು. ಫ್ಯಾನು ನಿಂತಿತು, ಟಿವಿ ನಿಂತಿತು, ಮೋಟರೂ ನಿಂತಿತು. ಅಧ್ಯಕ್ಷರು ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದರು. ಅವನ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಎಲ್ಲ ಕುಂಕುಮ ಹಚ್ಚಿಸಿಕೊಂಡು ಪೂಜೆಗೆ ಕೂತಿದ್ದವು. ನಾಳೆಯವರೆಗೆ ಮುಟ್ಟುವಂತಿಲ್ಲ ಎಂದ.

ನಾನು ವಾಪಸ್ ಬರುವಷ್ಟರಲ್ಲಿ ನಮ್ಮ ನಲ್ಲಿಯಲ್ಲಿ ನೀರು ಬೆರಳು ದಪ್ಪ ಬರುತ್ತಿತ್ತು. ನಡೆದದ್ದನ್ನು ಹೇಳಿದೆ. ಪಕ್ಕದ ಮನೆಯಾಕೆ ತುಂಬಿದ ಕೊಡ ಸೊಂಟಕ್ಕೇರಿಸಿಕೊಂಡು ಅಂದಳು:

“ಎಷ್ಟು ಒಳ್ಳೇ ಮನುಷ್ಯ ನೋಡು. ಹೋಗಿ ಹೇಳ್ಬುಡಣ್ಣ, ನೀರು ಬಿಡೋ ದಿನವೆಲ್ಲ ಪೂಜೆ ಮಾಡ್ಲಿ ಅಂತ.”